ಪ್ರಾಯೋಜಕತ್ವದ ಕಡತ ಕೆಲಸಗಾರರಿಗೂ ಕಾಣಲಿ

ಮಾನ್ಯ ಸಂಪಾದಕರೇ,

‘ವೀಸಾ ಸ್ಪಾನ್ಸರ್‌ಶಿಪ್ ಖಚಿತ’ ಎಂಬ ಒಕ್ಕಣೆಯ ಉದ್ಯೋಗ ಜಾಹೀರಾತುಗಳು ಪತ್ರಿಕೆಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಹೇರಳವಾಗಿ ಕಾಣಿಸುತ್ತಿವೆ. ಹೊರದೇಶದ ಕೆಲಸಗಾರರನ್ನು ನೇಮಿಸಿಕೊಳ್ಳುವ ಸಂಸ್ಥೆಗಳಿಗೆ ಕಡತ ಸಿದ್ಧಪಡಿಸಿಕೊಡುವ ವೃತ್ತಿಯಲ್ಲಿರುವ ನಾನು ಇವುಗಳ ಬಗ್ಗೆ ಒಂದು ಆಕ್ಷೇಪವನ್ನು ತಮ್ಮ ಮುಂದಿಡಬಯಸುತ್ತೇನೆ. ಹುದ್ದೆ ನಿಜವಾಗಿಯೂ ಇದೆ, ಇಷ್ಟು ಸಂಬಳ ಕೊಡುತ್ತೇನೆ, ಇಂತಹ ಸ್ಥಳದಲ್ಲಿ ಇಂತಹ ಕೆಲಸವನ್ನೇ ಮಾಡಿಸುತ್ತೇನೆ ಎಂದು ಉದ್ಯೋಗದಾತರು ತಮ್ಮ ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆಯೇ ಪ್ರಾಯೋಜಕತ್ವ. ಅದರ ಖರ್ಚನ್ನು ಅವರೇ ಭರಿಸಬೇಕು, ಅದರಲ್ಲಿ ಏನು ಬರೆದಿದೆ ಎಂಬುದು ಕೆಲಸಗಾರರಿಗೂ ತಿಳಿದಿರಬೇಕು. ಆದರೆ ಹಣ ತೆರುವವರು ಕೆಲಸಗಾರರು, ಕಾಗದವನ್ನು ಕಣ್ಣಿಂದ ನೋಡದವರೂ ಅವರೇ ಎಂಬ ಸ್ಥಿತಿ ಇಂದು ಎಷ್ಟೋ ಕಡೆ ಇದೆ.

ಬ್ರಿಟನ್ನಿನ ಪದ್ಧತಿಯನ್ನು ನೋಡಬಹುದು. ಅಲ್ಲಿ ಸಂಸ್ಥೆಯು ಮೊದಲು ಗೃಹ ಇಲಾಖೆಯಿಂದ ಪ್ರಾಯೋಜಕ ಪರವಾನಗಿ ಪಡೆದು, ಬಳಿಕ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಅಭ್ಯರ್ಥಿಯ ಹೆಸರಿಗೂ ಒಂದೊಂದು ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ನೀಡಬೇಕು. ಇದು ಉಲ್ಲೇಖ ಸಂಖ್ಯೆಯುಳ್ಳ ಒಂದು ವಿದ್ಯುನ್ಮಾನ ದಾಖಲೆ. ಮಧ್ಯವರ್ತಿಯೊಬ್ಬ ಗೋಡೆಗೆ ತೂಗುಹಾಕುವಂತಹ ಬಣ್ಣದ ಪ್ರಮಾಣಪತ್ರ ತೋರಿಸಿದರೆ ಅಲ್ಲಿಯೇ ಅನುಮಾನಪಡಬೇಕು. ಹುದ್ದೆಯ ನಾಲ್ಕಂಕಿಯ ಸಂಕೇತ, ಸಂಬಳ, ವಾರದ ದುಡಿಮೆಯ ಗಂಟೆಗಳು, ಕೆಲಸದ ಸ್ಥಳದ ವಿಳಾಸ ಎಲ್ಲವೂ ಆ ದಾಖಲೆಯಲ್ಲಿರುತ್ತವೆ. ದಾಖಲೆ ನೀಡಿದ 3 ತಿಂಗಳೊಳಗೆ ವೀಸಾ ಅರ್ಜಿ ಸಲ್ಲಿಸಬೇಕಾದ್ದರಿಂದ ಅವಸರದಲ್ಲಿ ಅಭ್ಯರ್ಥಿಗೆ ಸಂಖ್ಯೆಯೊಂದನ್ನೇ ಕಳುಹಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ನನ್ನ ಮೇಜಿಗೆ ಬಂದ ಒಂದು ಕಡತದಲ್ಲಿ ಸರ್ಕಾರಕ್ಕೆ ಸಲ್ಲಿಸಿದ ದಾಖಲೆಯು ವಾರಕ್ಕೆ 39 ಗಂಟೆ ಎನ್ನುತ್ತಿತ್ತು, ಅಭ್ಯರ್ಥಿ ಸಹಿ ಮಾಡಿದ್ದ ನೇಮಕಾತಿ ಪತ್ರ 48 ಎನ್ನುತ್ತಿತ್ತು. ವಾರ್ಷಿಕ ಸಂಬಳ ಮಾತ್ರ ಎರಡರಲ್ಲೂ ಒಂದೇ. ಅಂದರೆ ವಾರಕ್ಕೆ 9 ಗಂಟೆಯ ದುಡಿಮೆ ಪುಕ್ಕಟೆ. ಗಂಟೆಯ ಲೆಕ್ಕದಲ್ಲಿ ಸಂಬಳ ಕುಸಿದದ್ದು ವೀಸಾ ನಿಯಮಕ್ಕೂ ಹೊಂದುತ್ತಿರಲಿಲ್ಲ. ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಆ ಅಭ್ಯರ್ಥಿಗೆ ಸಿಕ್ಕಿರಲೇ ಇಲ್ಲ.

ಅಮೆರಿಕದ ಎಚ್-1ಬಿ ವೀಸಾದ ಬಗ್ಗೆ ಎಷ್ಟೇ ದೂರುಗಳಿದ್ದರೂ ಈ ಒಂದು ವಿಷಯದಲ್ಲಿ ಅದರ ನಿಯಮ ಮೇಲು ಎಂದೇ ನನ್ನ ಅಭಿಪ್ರಾಯ. ಉದ್ಯೋಗದಾತರು ಕಾರ್ಮಿಕ ಇಲಾಖೆಗೆ ಸಲ್ಲಿಸುವ ‘ಲೇಬರ್ ಕಂಡೀಷನ್ ಅಪ್ಲಿಕೇಷನ್’ನಲ್ಲಿ, ತಮ್ಮಲ್ಲಿ ಅದೇ ಕೆಲಸಕ್ಕೆ ಕೊಡುತ್ತಿರುವ ಸಂಬಳ ಮತ್ತು ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಸಂಬಳ ಇವೆರಡರಲ್ಲಿ ಹೆಚ್ಚಿನದನ್ನು ಕೊಡುವುದಾಗಿ ಘೋಷಿಸಬೇಕು. ಕಾರ್ಮಿಕ ಸಂಘವಿಲ್ಲದ ಕಡೆ ಆ ಬಗೆಗಿನ ಪ್ರಕಟಣೆಯನ್ನು ಕೆಲಸದ ಸ್ಥಳದಲ್ಲಿ ಎದ್ದುಕಾಣುವ ಎರಡು ಕಡೆ ಅಂಟಿಸಬೇಕು ಇಲ್ಲವೇ ಸಿಬ್ಬಂದಿಗೆ ವಿದ್ಯುನ್ಮಾನ ರೂಪದಲ್ಲಿ ತಲುಪಿಸಬೇಕು, ಕೆಲಸಗಾರರು ಹಾಜರಾಗುವ ದಿನದೊಳಗೆ ಅರ್ಜಿಯ ಪ್ರತಿಯನ್ನು ಅವರ ಕೈಗೆ ಕೊಡಬೇಕು, ಸಾರ್ವಜನಿಕರು ಕೇಳಿದರೆ ತೋರಿಸಲು ಪ್ರತ್ಯೇಕ ಕಡತವನ್ನೇ ಇಟ್ಟಿರಬೇಕು. ಕೆಲಸವಿಲ್ಲವೆಂದು ‘ಬೆಂಚ್’ ಮೇಲೆ ಕೂರಿಸಿ ಸಂಬಳ ತಡೆಹಿಡಿಯುವುದನ್ನೂ ಕಾನೂನು ಒಪ್ಪುವುದಿಲ್ಲ. ಇಷ್ಟೆಲ್ಲ ಬರಹದಲ್ಲಿದ್ದರೂ, ಆ ಪ್ರತಿಯನ್ನು ಕೇಳಿ ಪಡೆಯಬಹುದೆಂಬ ಅರಿವೇ ಇಲ್ಲದ ಎಂಜಿನಿಯರುಗಳನ್ನು ನಾನು ಬಲ್ಲೆ.

ಇನ್ನು ಹಣದ ಮಾತು. ಕೆನಡಾದಲ್ಲಿ ವಿದೇಶಿ ಕೆಲಸಗಾರರ ಅಗತ್ಯವಿದೆಯೆಂದು ಸಾಬೀತುಪಡಿಸುವ ಎಲ್‌ಎಂಐಎ ಪತ್ರಕ್ಕೆ ಉದ್ಯೋಗದಾತರು ಸಾಮಾನ್ಯವಾಗಿ ಹುದ್ದೆಯೊಂದಕ್ಕೆ 1,000 ಡಾಲರ್ ಶುಲ್ಕ ಕಟ್ಟಬೇಕು ಮತ್ತು ಅದನ್ನು ಕೆಲಸಗಾರರಿಂದ ವಸೂಲು ಮಾಡುವಂತಿಲ್ಲ. ಆದರೂ ಆ ಪತ್ರಗಳ ಕಳ್ಳವ್ಯಾಪಾರ ಎಷ್ಟು ಬೆಳೆಯಿತೆಂದರೆ, ಕಾಯಂ ವಾಸಕ್ಕಾಗಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಾಧಾರಿತ ಆಯ್ಕೆ ವ್ಯವಸ್ಥೆಯಲ್ಲಿ ಇಂತಹ ಪತ್ರದ ಬೆಂಬಲವಿದ್ದ ಉದ್ಯೋಗ ಪ್ರಸ್ತಾವಕ್ಕೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನೇ ಅಲ್ಲಿನ ಸರ್ಕಾರ 2025ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಬ್ರಿಟನ್ನಿನಲ್ಲೂ ವಿದೇಶಿ ಕೆಲಸಗಾರರನ್ನು ಪ್ರಾಯೋಜಿಸುವುದಕ್ಕಾಗಿ ಸಂಸ್ಥೆಗಳು ಸರ್ಕಾರಕ್ಕೆ ಕಟ್ಟುವ ಕೌಶಲ ಶುಲ್ಕವನ್ನು ಕೆಲಸಗಾರರ ಮೇಲೆ ಹೊರಿಸಲು ಮೊದಲಿನಿಂದಲೂ ಅವಕಾಶವಿರಲಿಲ್ಲ. 2024ರ ಡಿಸೆಂಬರ್ 31ರಿಂದ ಕುಶಲ ಕೆಲಸಗಾರರ ವಿಭಾಗದಲ್ಲಿ ಪರವಾನಗಿ ಶುಲ್ಕಕ್ಕೂ ಪ್ರಾಯೋಜಕ ದಾಖಲೆಯ ಶುಲ್ಕಕ್ಕೂ ಈ ನಿರ್ಬಂಧ ವಿಸ್ತರಿಸಿದೆ. ಆದ್ದರಿಂದ ‘ಸ್ಪಾನ್ಸರ್‌ಶಿಪ್ ಖರ್ಚು’ ಎಂಬ ಹೆಸರಿನಲ್ಲಿ ಅಭ್ಯರ್ಥಿಯಿಂದ ಲಕ್ಷಗಟ್ಟಲೆ ಕೇಳುವವರು ಯಾವ ಖರ್ಚಿನ ಬಗ್ಗೆ ಮಾತನಾಡುತ್ತಿದ್ದಾರೆಂದು ಮೊದಲು ಕೇಳಬೇಕು. ವೀಸಾ ಅರ್ಜಿಯ ಶುಲ್ಕ, ವಿಮಾನದ ಟಿಕೆಟ್ ಮುಂತಾದವುಗಳ ಮಾತು ಬೇರೆ.

ಉದ್ಯೋಗದಾತರ ಕಷ್ಟವೂ ಸಣ್ಣದಲ್ಲ ಎಂಬುದನ್ನು ಒಪ್ಪುತ್ತೇನೆ. ಬ್ರಿಟನ್ನಿನಲ್ಲಿ ಕರೆಸಿಕೊಂಡವರು ಕೆಲಸಕ್ಕೆ ಸೇರದಿದ್ದರೆ ಅಥವಾ ಅನುಮತಿಯಿಲ್ಲದೆ ಸತತ 10 ಕೆಲಸದ ದಿನಗಳಿಗಿಂತ ಹೆಚ್ಚು ಗೈರಾದರೆ ಅದನ್ನು ವರದಿ ಮಾಡಬೇಕು. ವಿಳಾಸ, ಹಾಜರಾತಿ, ಸಂಬಳದ ದಾಖಲೆಗಳು ತಪಾಸಣೆಗೆ ಸಿದ್ಧವಿರಬೇಕು. ಆದರೆ ಅವರು ಎಡವಿದರೆ ಬಾಳು ಮೂರಾಬಟ್ಟೆಯಾಗುವುದು ಕೆಲಸಗಾರರದು. ಸಂಸ್ಥೆಯ ಪರವಾನಗಿ ರದ್ದಾದಾಗ, ತಪ್ಪೇನೂ ಮಾಡದ ಕೆಲಸಗಾರರಿಗೆ ಹೊಸ ಪ್ರಾಯೋಜಕರನ್ನು ಹುಡುಕಿಕೊಳ್ಳಲು ಬ್ರಿಟನ್ ಸಾಮಾನ್ಯವಾಗಿ ಕೊಡುವುದು 60 ದಿನ. ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೂ ಸಿಗುವುದು ಹೆಚ್ಚೆಂದರೆ ಅಷ್ಟೇ. ಮನೆ ಬಾಡಿಗೆ, ಮಕ್ಕಳ ಶಾಲೆ, ಊರಿನ ಸಾಲ ಎಲ್ಲವನ್ನೂ ಆ ಅವಧಿಯಲ್ಲೇ ತೀರ್ಮಾನಿಸಬೇಕಾದವರಿಗೆ ತಮ್ಮ ಕಡತದ ಒಂದು ಪ್ರತಿಯಾದರೂ ಕೈಯಲ್ಲಿರುವುದು ಬೇಡವೇ?

ಸಂಬಳ, ಹುದ್ದೆಯ ಸಂಕೇತ, ಗಂಟೆಗಳು ಮತ್ತು ವಿಳಾಸ ಸೇರಿದಂತೆ ಸರ್ಕಾರಕ್ಕೆ ಸಲ್ಲಿಸಿದ ವಿವರಗಳ ಪೂರ್ಣ ಪ್ರತಿಯನ್ನು, ಓದಿ ಅರ್ಥವಾಗುವ ಭಾಷೆಯ ಟಿಪ್ಪಣಿಯೊಂದಿಗೆ, ಕೆಲಸಗಾರರು ಹೊರಡುವ ಮೊದಲೇ ಕೊಡುವುದನ್ನು ಎಲ್ಲ ದೇಶಗಳೂ ಕಡ್ಡಾಯ ಮಾಡಬೇಕು. ಪತ್ರಿಕೆಗಳೂ ಒಂದು ಕೆಲಸ ಮಾಡಬಹುದು. ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ನಿಯಮ ಮೀರಿ ಸಿಕ್ಕಿಬಿದ್ದ ಉದ್ಯೋಗದಾತರ ಹೆಸರನ್ನೂ ಅವರಿಗೆ ವಿಧಿಸಿದ ದಂಡವನ್ನೂ ಕೆನಡಾ ಬಹಿರಂಗಪಡಿಸುತ್ತದೆ. ಉದ್ಯೋಗ ನೀಡುವ ಸಂಸ್ಥೆಯ ಹೆಸರಿಲ್ಲದ ‘ಸ್ಪಾನ್ಸರ್‌ಶಿಪ್’ ಜಾಹೀರಾತುಗಳನ್ನು ಸ್ವೀಕರಿಸದೆ, ಹೆಸರಿರುವವನ್ನು ಈ ಪಟ್ಟಿಗಳೊಂದಿಗೆ ತಾಳೆ ನೋಡಿದ ನಂತರವೇ ಅಚ್ಚಿಗೆ ಕಳುಹಿಸುವ ಕ್ರಮವನ್ನು ತಮ್ಮ ಜಾಹೀರಾತು ವಿಭಾಗ ಕೈಗೊಳ್ಳಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ