ಗೆಳೆಯನಿಗೊಂದು ಪತ್ರ: ಅಮ್ಮ ಕುಡಿದ ನೀರು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಉತ್ತರ ಬರೆಯುವ ಮೊದಲು ನಿನ್ನ ಅಮ್ಮನನ್ನು ನೋಡಿ ಬರೋಣ ಅಂತ ಭಾನುವಾರ ಊರಿಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನೇ ಮೊದಲು ಹೇಳುತ್ತೇನೆ.

ಅಮ್ಮ ಜಗಲಿ ಮೇಲೆ ಕೂತಿದ್ದರು. ಪಕ್ಕದ ಮನೆಯ ಹುಡುಗಿ ಅವರ ತಲೆ ಬಾಚುತ್ತಿದ್ದಳು. ಅವರ ಕೈ ಈಗ ತಲೆಯ ಹಿಂದಕ್ಕೆ ಹೋಗುವುದಿಲ್ಲ ಕಣೋ. ಕಿವಿಯ ತನಕ ಬಂದು ನಿಂತುಬಿಡುತ್ತದೆ. ತಮ್ಮ ತುರುಬು ತಾವು ಕಟ್ಟಿಕೊಳ್ಳಲಾಗದೆ ಒಂದು ವರ್ಷವಾಯಿತಂತೆ. ನಿನಗೆ ಹೇಳಿಲ್ಲ, ಹೇಳಬೇಡ ಅಂತಲೂ ಅಂದರು. ನನ್ನನ್ನು ಕಂಡು ಗೋಡೆ ಹಿಡಿದು ಎದ್ದರು. ಕತ್ತು ತಿರುಗಲಿಲ್ಲ, ಇಡೀ ಮೈ ಹಲಗೆಯ ಹಾಗೆ ತಿರುಗಿತು. "ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ನೋ ಕಣಪ್ಪಾ" ಅಂದರು.

ನೀನು ಬರೆದದ್ದೂ ಹೆಚ್ಚುಕಡಿಮೆ ಅದೇ ಅಲ್ವಾ? ಆಸೆಯೇ ದುಃಖಕ್ಕೆ ಮೂಲ ಅಂತ ಬುದ್ಧ ಸುಮ್ನೆ ಹೇಳಿಲ್ಲ, ಬೆಂಗಳೂರು, ಸೈಟು, ಸ್ವಂತ ಮನೆ ಅಂತ ನಾನು ಆಸೆಗೆ ಬಿದ್ದೆ, ಅದನ್ನು ಈಗ ಅಮ್ಮ ಅನುಭವಿಸುತ್ತಿದ್ದಾರೆ, ಅಂತ. ಅಮ್ಮ ಹೋದ ಜನ್ಮದ ಲೆಕ್ಕ ತೆಗೆದರು. ನೀನು ಈ ಜನ್ಮದ್ದು. ನಾನು ಎರಡನ್ನೂ ಒಪ್ಪುವುದಿಲ್ಲ.

ನಮ್ಮ ಏಳನೇ ಕ್ಲಾಸಿನ ಗ್ರೂಪ್ ಫೋಟೋ ನಿನ್ನ ಹತ್ತಿರ ಇದೆಯಲ್ಲ, ತೆಗೆದು ನೋಡು. ಮೂವತ್ತು ಮಕ್ಕಳು, ಒಬ್ಬರೂ ಹಲ್ಲು ಬಿಟ್ಟು ನಕ್ಕಿಲ್ಲ. ತುಟಿ ಬಿಗಿ ಹಿಡಿದು ನಿಂತಿದ್ದೇವೆ. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಇದ್ದಿಲಲ್ಲಿ ತಿಕ್ಕಿದೆವು, ಉಪ್ಪಲ್ಲಿ ತಿಕ್ಕಿದೆವು, ಹೋಗಲಿಲ್ಲ. ಹೋಗುವುದೂ ಇಲ್ಲ. ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವಾಗಲೇ, ಕುಡಿಯುವ ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನುವ ಲವಣ ಒಳಗೆ ಸೇರಿ ಆಗುವ ಕಲೆ ಅದು.

ಇನ್ನು ಅಮ್ಮನ ಹಲ್ಲು ನೆನಪಿಸಿಕೋ. ಬೆಳ್ಳಗಿವೆ. ಅವರು ಹುಟ್ಟಿ ಬೆಳೆದದ್ದು ತವರಿನ ಸೇದುಬಾವಿ ನೀರು ಕುಡಿದು. ನಮ್ಮ ಪಾವಗಡದ ಸೀಮೆಗೆ ಮದುವೆಯಾಗಿ ಬರುವ ಹೊತ್ತಿಗೆ ಹಲ್ಲು ಬೆಳೆದು ಮುಗಿದಿತ್ತು. ಆದರೆ ಮೂಳೆ ಹಾಗಲ್ಲ, ಅದು ಜೀವ ಇರುವ ತನಕ ಹಳೆಯದನ್ನು ಕಳೆದು ಹೊಸದನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹಾಗೆ ಕಟ್ಟಿಕೊಳ್ಳುವಾಗ ಕುಡಿದ ನೀರಿನ ಫ್ಲೋರೈಡೂ ಸೇರುತ್ತಾ ಹೋಯಿತು. ಬೆನ್ನುಮೂಳೆ, ಕೀಲು, ಅದರ ಸುತ್ತಲಿನ ಕಟ್ಟು ಎಲ್ಲ ಗಟ್ಟಿಯಾಯಿತು. ಒಂದೇ ಮನೆ, ಒಂದೇ ಕೊಡ. ನಿನಗೆ ಹಲ್ಲಿನಲ್ಲಿ, ಅವರಿಗೆ ಬೆನ್ನಿನಲ್ಲಿ. ಪಾಪಕ್ಕೆ ಇಷ್ಟು ಕರಾರುವಾಕ್ಕಾದ ಲೆಕ್ಕ ಎಲ್ಲಿಂದ ಬರುತ್ತದೆ ಹೇಳು?

ಆ ನೀರಿನ ಬೋರಿಂಗು ಊರಿಗೆ ಬಂದ ದಿನ ನಿನಗೂ ಮಸುಕು ಮಸುಕಾಗಿ ನೆನಪಿರಬಹುದು, ನಾವಿನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳು. ಶಾಲೆಗೆ ಅರ್ಧ ದಿನ ರಜಾ ಕೊಟ್ಟಿದ್ದರು. ಲಾರಿ ಸದ್ದಿಗೆ ಊರೇ ಸೇರಿತ್ತು, ನೀರು ಚಿಮ್ಮಿದಾಗ ಹೆಂಗಸರು ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದರು. ಅವತ್ತು ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇರಲಿಲ್ಲ. ತೆರೆದ ಬಾವಿ ನೀರಿನಿಂದ ವಾಂತಿಭೇದಿ ಬರುತ್ತಿತ್ತು, ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ನಾರುಹುಣ್ಣು ಇತ್ತು, ಕುಡಿದ ನೀರಿನಿಂದ ಹುಳು ಮೈಯೊಳಗೆ ಸೇರಿ ಬರುವ ಕಾಯಿಲೆ. ಭೂಮಿಯ ಒಳಗಿನ ನೀರು ಶುದ್ಧ, ಜನ ಅದನ್ನು ಕುಡಿಯಲಿ ಅಂತಲೇ ಊರೂರಿಗೆ ಕೈಪಂಪು ಹಾಕಿದರು. ನಾರುಹುಣ್ಣು ನಿಜಕ್ಕೂ ಹೋಯಿತು. 2000ದಲ್ಲಿ ಇಡೀ ದೇಶವೇ ಅದರಿಂದ ಮುಕ್ತ ಅಂತ ಘೋಷಣೆಯೂ ಆಯಿತು. ಆದರೆ ನಮ್ಮದು ಗ್ರಾನೈಟಿನ ನೆಲ. ಮಳೆ ಕಡಿಮೆ. ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಆ ಕಲ್ಲಿನ ಫ್ಲೋರೈಡ್ ಕರಗಿ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅವತ್ತು ಅಷ್ಟು ಜನ ಕೊಡ ಹಿಡಿದು ನಿಂತಿದ್ದೆವಲ್ಲ, ಆ ನೀರನ್ನು ಒಂದು ಶೀಶೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದವರು ಯಾರೂ ಇಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಈ ಕಾಯಿಲೆ ಯಾರಿಗೂ ಗೊತ್ತಿಲ್ಲದ್ದಾಗಿರಲಿಲ್ಲ. 1937ರಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆ, ಬೆನ್ನು ಸೆಟೆದ ರೈತರನ್ನು ನೋಡಿದ ವೈದ್ಯರು ಇದು ನೀರಿನಿಂದ ಬಂದದ್ದು ಅಂತ ಬರೆದಿಟ್ಟಿದ್ದರು. ನೆಲ್ಲೂರು ನಮಗೇನು ಬಹಳ ದೂರವೇ? ನಮ್ಮ ತಾಲ್ಲೂಕಿನ ಸುತ್ತ ಇರುವುದೇ ಆಂಧ್ರ. ಆದರೂ ಆ ಮಾತು ನಮ್ಮೂರ ಪಂಪಿನ ಕಟ್ಟೆಗೆ ಬಂದು ಮುಟ್ಟಲು ಐವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಅಮ್ಮನ ಬೆನ್ನು ಹೋಗಿತ್ತು.

ಬುದ್ಧನ ಹೆಸರು ಎತ್ತಿದೆ ನೀನು, ಅದಕ್ಕೇ ಇದನ್ನೂ ಹೇಳಬೇಕು. ರಾಜಗೃಹದ ವೇಣುವನದಲ್ಲಿದ್ದಾಗ ಸೀವಕ ಅನ್ನುವ ಅಲೆಮಾರಿ ಸನ್ಯಾಸಿ ಬಂದು ಅವನನ್ನು ಕೇಳುತ್ತಾನೆ: ಮನುಷ್ಯ ಉಣ್ಣುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಹೌದು ಅನ್ನಲಿಲ್ಲ. ಕೆಲವು ನೋವು ಪಿತ್ತದಿಂದ ಬರುತ್ತವೆ, ಕೆಲವು ಕಫದಿಂದ, ಕೆಲವು ವಾತದಿಂದ, ಮೂರೂ ಕೆಟ್ಟು ಬರುವುದುಂಟು, ಋತು ಬದಲಾಗಿ ಬರುವುದುಂಟು, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ, ಹೊರಗಿನ ಪೆಟ್ಟಿನಿಂದ. ಕರ್ಮದ ಫಲ ಎಂಟನೆಯದು. ಎಲ್ಲವನ್ನೂ ಅದೊಂದರ ತಲೆಗೆ ಕಟ್ಟುವವರು ಜನ ಕಣ್ಣಾರೆ ಕಂಡದ್ದನ್ನೂ ಮೀರಿ ಮಾತಾಡುತ್ತಾರೆ, ಅದು ತಪ್ಪು ಅಂದ. ಬುದ್ಧನ ಮಾತುಗಳ ಪಾಲಿ ಸಂಗ್ರಹ ಸಂಯುತ್ತ ನಿಕಾಯದಲ್ಲಿ ಇದು ಇದೆ. ಮೊದಲ ಸಲ ಓದಿದಾಗ ನನಗೆ ಅಮ್ಮನ ಮುಖವೇ ಕಣ್ಣ ಮುಂದೆ ಬಂತು.

ನಾವು ಆಸೆ ಅನ್ನುವ ಜಾಗದಲ್ಲಿ ಅವನ ಮಾತು ತಣ್ಹಾ. ಸಂಸ್ಕೃತದ ತೃಷ್ಣೆ. ಆ ಪದದ ಮೊದಲ ಅರ್ಥವೇ ಬಾಯಾರಿಕೆ. ಅವನು ಹೇಳಿದ್ದು ಎಷ್ಟು ಕುಡಿದರೂ ತೀರದ ಮನಸ್ಸಿನ ಬಾಯಾರಿಕೆ. ಅಮ್ಮನದು ಗಂಟಲಿನದು. ಏಪ್ರಿಲ್ ಬಿಸಿಲಲ್ಲಿ ಕಡ್ಲೆಕಾಯಿ ಹೊಲ ಹಸನು ಮಾಡಿ ಬಂದು ಎರಡು ಚೊಂಬು ನೀರು ಕುಡಿದದ್ದನ್ನು ಆಸೆ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಅಲ್ಲದೆ ಬುದ್ಧ ದುಃಖದ ಬೇರನ್ನು ಹಿಡಿದು ಹೋದಾಗ ತಣ್ಹೆಯ ಹತ್ತಿರ ನಿಲ್ಲಲಿಲ್ಲ. ಇನ್ನೂ ಹಿಂದೆ ಹೋಗಿ ಅವಿಜ್ಜೆ ಅಂದ, ಅರಿಯದೆ ಇರುವುದು. ಅವನು ಅಂದದ್ದು ಬಹಳ ದೊಡ್ಡ ಅರಿವಿನ ಮಾತು, ಒಂದು ಶೀಶೆ ನೀರಿನ ಪರೀಕ್ಷೆಗೆ ಅದನ್ನು ಇಳಿಸಬಾರದೇನೋ. ಆದರೂ ಪಂಪಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಅದೇ.

ನಿನ್ನ ಮನಸ್ಸು ಹಗುರ ಮಾಡಲು ಇಷ್ಟೆಲ್ಲ ಬರೆದೆ ಅಂದುಕೊಳ್ಳಬೇಡ. ನಿನ್ನದೂ ಒಂದು ಪಾಲಿದೆ. ಸಾಯಂಕಾಲ ಬಸ್ಸಿನ ಸದ್ದು ಕೇಳಿದರೆ ಅಮ್ಮ ಮಾತು ನಿಲ್ಲಿಸುತ್ತಾರೆ. ಬಸ್ಸು ಹೋದ ಮೇಲೆ ಮತ್ತೆ ಶುರು ಮಾಡುತ್ತಾರೆ. ಆ ನೋವು ನೀರಿನದಲ್ಲ, ಅದು ನಿನ್ನಿಂದ ಬಂದದ್ದು. ಬೆನ್ನು ಮಾತ್ರ ನಿನ್ನಿಂದ ಹೋಗಿದ್ದಲ್ಲ. ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡು ಕೂತರೆ ಯಾವುದಕ್ಕೂ ಏನೂ ಮಾಡಲಾಗುವುದಿಲ್ಲ.

ಫ್ಲೋರೈಡಿನ ಕಥೆಯನ್ನೆಲ್ಲ ಅಮ್ಮನಿಗೂ ಹೇಳಿದೆ. ಹಲ್ಲಿನ ವಿಷಯ ಹೇಳಿದಾಗ ನಾಲಿಗೆಯಿಂದ ತಮ್ಮ ಹಲ್ಲು ಸವರಿಕೊಂಡರು. ಆಮೇಲೆ ಕೇಳಿದರು, "ಹಂಗಾದ್ರೆ ನಾನು ಪಾಪ ಮಾಡಿಲ್ವೇನಪ್ಪಾ?" ಎಪ್ಪತ್ತು ದಾಟಿದ ಹೆಂಗಸು ಕಣೋ. ಎಷ್ಟು ವರ್ಷದಿಂದ ಇದನ್ನು ಒಳಗೆ ಇಟ್ಟುಕೊಂಡಿದ್ದರೋ. ಇಲ್ಲಮ್ಮ, ನೀರು ಕುಡಿದಿದ್ದೀರಿ ಅಷ್ಟೇ, ಅಂದೆ.

ಈಗ ಕೆಲಸದ ಮಾತು. ಒಮ್ಮೆ ಗಟ್ಟಿಯಾದ ಮೂಳೆ ಹಿಂದಿನಂತೆ ಆಗುವುದಿಲ್ಲ, ಆದರೆ ಇನ್ನೂ ಬಿಗಿಯದಂತೆ ನೋಡಿಕೊಳ್ಳಬಹುದು. ಊರಿನ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿಗೆ 20 ಲೀಟರ್ ಸಿಗುತ್ತದೆ. ಅಮ್ಮ ಅದನ್ನು ಕುಡಿಯುವುದಕ್ಕೆ ಮಾತ್ರ ಎತ್ತಿಟ್ಟಿದ್ದಾರೆ. ಮುದ್ದೆಗೆ, ಅನ್ನಕ್ಕೆ, ಸಾರಿಗೆ ಬೋರಿನ ನೀರೇ. ಕುದಿಸಿದರೆ ಎಲ್ಲ ಹೋಗುತ್ತದೆ ಅಂದುಕೊಂಡಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಡುಗೆಗೂ ಕ್ಯಾನಿನ ನೀರನ್ನೇ ಬಳಸಬೇಕು. ತಲೆ ಬಾಚುತ್ತಿದ್ದ ಹುಡುಗಿಯ ಅಣ್ಣ ದಿನಾ ಒಂದು ಕ್ಯಾನ್ ತಂದಿಡಲು ಒಪ್ಪಿದ್ದಾನೆ, ಈ ತಿಂಗಳ ದುಡ್ಡು ನಾನು ಕೊಟ್ಟಿದ್ದೇನೆ. ಮುಂದಿನ ತಿಂಗಳಿಂದ ನೀನು ಕೊಡು. ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿ ತಪ್ಪಬಾರದು. ನುಗ್ಗೆಮರ ನಿಮ್ಮ ಹಿತ್ತಲಲ್ಲೇ ಇದೆ, ಸೊಪ್ಪು ಕಿತ್ತುಕೊಡಲು ಕೈ ಎತ್ತಬಲ್ಲವರು ಬೇಕು.

ಎರಡನೇ ಶನಿವಾರ ನಿನಗೆ ರಜಾ ಇರುತ್ತದಲ್ಲ. ಶುಕ್ರವಾರ ಸಾಯಂಕಾಲದ ಬಸ್ಸಿಗೇ ಬಾ. ಅಮ್ಮನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗೋಣ. ಬರುವಾಗ ಮುಚ್ಚಳ ಗಟ್ಟಿ ಇರುವ ಇನ್ನೊಂದು ಕ್ಯಾನ್ ತಗೊಂಡು ಬಾ, ಮನೆಯಲ್ಲಿರುವುದು ಸೋರುತ್ತಿದೆ.

ನಿನ್ನ ದಾರಿ ಕಾಯುತ್ತಾ,
ನಿನ್ನ ಗೆಳೆಯ