ಹೊಸ ಮನೆಯ ನಕ್ಷೆ: ಯಾವ ದೋಷಕ್ಕೆ ಒಪ್ಪಬಹುದು, ಯಾವುದಕ್ಕೆ ಒಪ್ಪಬಾರದು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ 30×40, 20×30 ಅಡಿ ಸೈಟಿನಲ್ಲಿ ಕಟ್ಟಿ ಮಾರುವ ಮನೆಗಳನ್ನು ನೋಡಲು ಹೋದವರು ಖಾತೆ ವಿಚಾರಿಸುತ್ತಾರೆ, ಆಸ್ತಿಯ ಮೇಲೆ ಸಾಲ, ಋಣಭಾರ ಇದೆಯೇ ಎಂದು ತಿಳಿಸುವ ಇ.ಸಿ. ತೆಗೆಸುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಇವೆಲ್ಲ ಬೇಕಾದದ್ದೇ. ಆದರೆ ಮನೆಯೊಳಗೆ ಟೇಪು ಹಿಡಿದು ಅಳೆಯುವವರು ಬಲು ವಿರಳ. ಮನೆ ನಕ್ಷೆ ಬರೆಯುವ, ಕಟ್ಟಡದ ಕೆಲಸ ನೋಡಿಕೊಳ್ಳುವ ನಾವು ಕೊಳ್ಳುವವರ ಗಮನಕ್ಕೆ ತರಬೇಕಾದ ಕೆಲವು ಸಂಗತಿಗಳಿವೆ.

ದೋಷವೇ ಇಲ್ಲದ ನಕ್ಷೆ 1,200 ಚದರಡಿ ಸೈಟಿನಲ್ಲಿ ಸಿಗುವುದು ಕಷ್ಟ. ಹಾಗಾಗಿ ಕೇಳಬೇಕಾದದ್ದು, ಈ ದೋಷವನ್ನು ಆಮೇಲೆ ಯಾರು ಸರಿಮಾಡಬಲ್ಲರು ಎಂಬುದು. ಬಡಗಿ ಸರಿಮಾಡುವಂಥವು ಕೆಲವು. ಗಾರೆ ಮೇಸ್ತ್ರಿ ಸರಿಮಾಡುವಂಥವು ಕೆಲವು. ಮನೆ ಕೆಡವದ ಹೊರತು ಯಾರೂ ಸರಿಮಾಡಲಾಗದವು ಇನ್ನು ಕೆಲವು.

ಮೊದಲನೆಯ ಬಗೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಲಗುವ ಕೋಣೆಯ ಬಾಗಿಲು ವಾರ್ಡ್‌ರೋಬಿಗೆ ಬಡಿಯುತ್ತದೆ, ಸ್ವಿಚ್ ಬೋರ್ಡ್ ಬಾಗಿಲ ಹಿಂದೆ ಅಡಗಿದೆ, ಅಟ್ಟ ಕೈಗೆ ಎಟುಕುವುದಿಲ್ಲ. ಬಾಗಿಲಿನ ಕೀಲು ಈ ಬದಿಯಿಂದ ಆ ಬದಿಗೆ ಹಾಕಿಸಿದರೆ, ಬೋರ್ಡ್ ಸರಿಸಿದರೆ ಮುಗಿಯಿತು. ಉಳಿದೆಲ್ಲ ಸರಿಯಿರುವ ಮನೆಯನ್ನು ಇಂಥ ಕಾರಣಕ್ಕೆ ಬಿಡುವುದು ತಪ್ಪು.

ಎರಡನೆಯ ಬಗೆಯದು ಗೋಡೆಯ ವಿಚಾರ. ಪಿಲ್ಲರ್–ಬೀಮಿನ ಮೇಲೆ ನಿಂತ ಮನೆಯಲ್ಲಿ ನಡುವಿನ ನಾಲ್ಕಿಂಚಿನ ಗೋಡೆ ಮೇಲಿನ ಭಾರ ಹೊರುವುದಿಲ್ಲ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಅಂಥ ಗೋಡೆ ಅಡ್ಡವಿದ್ದರೆ, ಎಂಜಿನಿಯರ್ ಒಬ್ಬರಿಗೆ ತೋರಿಸಿ ತೆಗೆಸಬಹುದು. ಕಿಟಕಿ ಅಗಲ ಮಾಡಿಸಬಹುದು. ಹಲವು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಮೋಲ್ಡು (ಚಾವಣಿ) ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ಪದ್ಧತಿಯನ್ನು ಜನ ‘ಮಿವಾನ್’ ಎನ್ನುತ್ತಾರೆ. ಅಲ್ಲಿ ಒಳಗಿನ ತೆಳು ಗೋಡೆಯೂ ಕಟ್ಟಡದ ಭಾರ ಹೊತ್ತಿರುತ್ತದೆ. ಒಂದು ಬಾಗಿಲು ಅರ್ಧ ಅಡಿ ಸರಿಯಬೇಕೆಂದರೂ ಆಗದು. ಇಟ್ಟಿಗೆ ಮನೆಯಲ್ಲಿ ಮೇಸ್ತ್ರಿ ಎರಡು ದಿನದಲ್ಲಿ ಮುಗಿಸುವ ತಿದ್ದುಪಡಿ ಇಲ್ಲಿ ಮೂರನೆಯ ಬಗೆಗೆ ಸೇರಿಬಿಡುತ್ತದೆ. ಫ್ಲಾಟ್ ಕೊಳ್ಳುವವರು ಗೋಡೆ ಯಾವುದರದ್ದೆಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಲಿ.

ಇನ್ನು ಮೂರನೆಯ ಬಗೆ. ಇಲ್ಲಿ ಮೊದಲು ನೋಡಬೇಕಾದದ್ದು ಮೆಟ್ಟಿಲು. ಒಂದು ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, ಅಂದರೆ 120 ಇಂಚು ಎಂದಿಟ್ಟುಕೊಳ್ಳಿ. ಅದನ್ನು 18 ಏರು (ಒಂದು ಹೆಜ್ಜೆಯಿಂದ ಮುಂದಿನದಕ್ಕೆ ಇರುವ ಎತ್ತರ) ಮಾಡಿದರೆ ಒಂದೊಂದೂ ಆರೂಮುಕ್ಕಾಲು ಇಂಚಿನೊಳಗೆ ಬರುತ್ತದೆ, ವಯಸ್ಸಾದವರೂ ಹತ್ತಬಹುದು. ಇದಕ್ಕೆ ಮೂರಡಿ ಅಗಲದ ಎರಡು ಸಾಲು, 10 ಇಂಚಿನ ತುಳಿ (ಕಾಲಿಡುವ ಜಾಗ), ನಡುವೆ ಮೂರಡಿ ಲ್ಯಾಂಡಿಂಗ್ ಎಂದರೆ ಸುಮಾರು 10 ಅಡಿ ಉದ್ದ, ಆರೂವರೆ ಅಡಿ ಅಗಲ ಬೇಕು. ಆ ಜಾಗ ಉಳಿಸುವ ಆಸೆಗೆ 15 ಏರಿಗೆ ಇಳಿಸಿದರೆ ಒಂದೊಂದು ಏರೂ 8 ಇಂಚಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ವಾಸದ ಮನೆಗೆ ಹೇಳುವ ಗರಿಷ್ಠ ಏರು 190 ಮಿ.ಮೀ., ಅಂದರೆ ಏಳೂವರೆ ಇಂಚು. ತುಳಿಯ ಕನಿಷ್ಠ ಅಗಲ 250 ಮಿ.ಮೀ. ಏರು ಹೆಚ್ಚಿದ ಕಡೆ ತುಳಿಯೂ ಒಂಬತ್ತು ಇಂಚಿಗೆ ಇಳಿದಿರುತ್ತದೆ. ಹತ್ತುವಾಗ ಮಂಡಿಗೆ ಕಷ್ಟ, ಇಳಿಯುವಾಗ ಹಿಮ್ಮಡಿ ಮಾತ್ರ ಊರುತ್ತದೆ, ಬೆರಳು ಗಾಳಿಯಲ್ಲಿ. ಮನೆ ನೋಡಲು ಹೋದಾಗ ಮೊದಲ, ನಡುವಿನ, ಕೊನೆಯ ಏರನ್ನು ಅಳೆಯಿರಿ. ಟೈಲ್ಸ್ ಹಾಕುವಾಗ ಕೊನೆಯ ಏರು ಒಂದಿಂಚು ವ್ಯತ್ಯಾಸವಾಗಿದ್ದರೆ ಎಡವುವುದು ಅಲ್ಲೇ.

ಅದೇ ಮೆಟ್ಟಿಲ ಕೆಳಗೆ ಶೌಚಾಲಯ ಮಾಡುವ ರೂಢಿಯನ್ನೂ ಹೇಳಬೇಕು. 9 ಏರಿನ ಮೇಲಿನ ಲ್ಯಾಂಡಿಂಗ್ ನೆಲದಿಂದ 5 ಅಡಿಯಲ್ಲಿರುತ್ತದೆ. ಕಾಂಕ್ರೀಟಿನ ದಪ್ಪ ಕಳೆದರೆ ಕೆಳಗೆ ಉಳಿಯುವುದು ನಾಲ್ಕೂವರೆ ಅಡಿ. ಬಗ್ಗಿಯೇ ಒಳಹೋಗಬೇಕು, ಏಳುವಾಗ ತಲೆ ತಾಗುತ್ತದೆ. ಎತ್ತರ ಸಿಗಲೆಂದು ನೆಲವನ್ನು ಅಡಿಯಷ್ಟು ತಗ್ಗಿಸಿದರೆ ಒಳಚರಂಡಿಯ ಮಟ್ಟಕ್ಕೆ ಹತ್ತಿರವಾಗಿ, ಜೋರು ಮಳೆಯಲ್ಲಿ ನೀರು ಒಳಕ್ಕೆ ನುಗ್ಗುವ ಅಪಾಯ. ನೆಲಮಹಡಿಯಲ್ಲಿ ಇದೊಂದೇ ಶೌಚಾಲಯವಿದ್ದು, ಕೋಣೆಗಳೆಲ್ಲ ಮೇಲಿದ್ದರೆ, ಮನೆಯಲ್ಲಿ ಹಿರಿಯರಿರುವವರು ಆ ಡ್ಯೂಪ್ಲೆಕ್ಸ್ ಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಶೌಚಾಲಯದ ಬಾಗಿಲನ್ನೂ ಅಳೆಯಿರಿ. ಎರಡೂವರೆ ಅಡಿ ಎಂದು ಹೇಳಿದ್ದರಲ್ಲಿ ಚೌಕಟ್ಟು, ಬಾಗಿಲಿನ ದಪ್ಪ ಕಳೆದರೆ ಉಳಿಯುವುದು ಎರಡಡಿ ಚಿಲ್ಲರೆ. ಗಾಲಿಕುರ್ಚಿ ಸಲೀಸಾಗಿ ದಾಟದು.

ಶೌಚಾಲಯ ಇರುವ ಜಾಗವೂ ಬದಲಾಗದು. ಅದರ ನೆಲವನ್ನು ತಗ್ಗಿಸಿ ಮೋಲ್ಡು ಹಾಕಿ, ಪೈಪು ಎಳೆದು, ಮೇಲೆ ತುಂಬಿರುತ್ತಾರೆ. ಆ ತಗ್ಗಿನಲ್ಲಿ ನೀರು ನಿಂತರೆ ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಮೊದಲು ಹಳದಿ ಕಲೆ, ಆಮೇಲೆ ಸುಣ್ಣದ ಹುಡಿ. ಎರಡು ಮಹಡಿಯ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಮೇಲಿನ ಶೌಚಾಲಯ ಕೆಳಗಿನ ಶೌಚಾಲಯದ ಮೇಲೆಯೇ ಕೂತಿದ್ದರೆ ಸರಿ. ಅಡುಗೆಮನೆ, ದೇವರಮನೆ, ಊಟದ ಮೇಜಿನ ಮೇಲೆ ಬಂದಿದ್ದರೆ ಮುಂದೊಂದು ದಿನದ ಸೋರಿಕೆಗೆ ಈಗಲೇ ಜಾಗ ಗುರುತಾಗಿದೆ ಎಂದೇ ತಿಳಿಯಬೇಕು. ಪೈಪು ಇಳಿಯುವ ಡಕ್ಟಿಗೆ ಪ್ಲಂಬರ್ ನುಗ್ಗಲು ಬಾಗಿಲಿದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ರಿಪೇರಿಗೂ ಗೋಡೆ ಒಡೆಯಬೇಕು.

ಬೆಳಕು, ಗಾಳಿಯ ವಿಚಾರದಲ್ಲಿ ಕೊಳ್ಳುವವರು ಹೆಚ್ಚು ಮೋಸಹೋಗುತ್ತಾರೆ, ಏಕೆಂದರೆ ಮನೆ ತೋರಿಸುವಾಗ ದೀಪಗಳೆಲ್ಲ ಉರಿಯುತ್ತಿರುತ್ತವೆ. ಎಲ್ಲ ದೀಪ ಆರಿಸಿ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ಕಟ್ಟಡ ಸಂಹಿತೆಯ ಪ್ರಕಾರ ಕಿಟಕಿ, ವೆಂಟಿಲೇಟರ್ ಸೇರಿ ತೆರೆಯುವ ಜಾಗ ಒಣ ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತನೇ ಒಂದು ಪಾಲು, ತೇವದ ಸೆಕೆಯ ಕರಾವಳಿಯಂಥ ಕಡೆ ಆರನೇ ಒಂದು ಪಾಲು ಇರಬೇಕು. 10×12 ಅಡಿ ಕೋಣೆಗೆ ಕಲಬುರಗಿಯಲ್ಲಿ 12 ಚದರಡಿ ಸಾಕಾದರೆ, ಮಂಗಳೂರಿನಲ್ಲಿ 20 ಚದರಡಿ ಬೇಕು. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಹಾಕಿದ್ದರೆ ತೆರೆಯುವುದು ಅರ್ಧ ಮಾತ್ರ. 4×4 ಅಡಿ ಕಿಟಕಿಯಲ್ಲಿ ಗಾಳಿಗೆ ಸಿಗುವುದು 8 ಚದರಡಿ. ಪಕ್ಕದ ಸೈಟು ಖಾಲಿಯಿದ್ದರೆ ಇವತ್ತಿನ ಬೆಳಕನ್ನು ನಂಬಬೇಡಿ. ಕಿಟಕಿಯಿಂದ ಮೂರಡಿ ದೂರದಲ್ಲಿ ನಾಲ್ಕು ಮಹಡಿಯ ಗೋಡೆ ಎದ್ದು ನಿಂತಿದೆ ಎಂದುಕೊಂಡೇ ನಕ್ಷೆ ನೋಡಿ. ಬೆಳಕಿಗೆ ರಸ್ತೆಯ ಕಡೆಯೊಂದೇ ಗತಿಯಾದರೆ, ಹಿಂದಿನ ಕೋಣೆಗಳು ಹಗಲಲ್ಲೂ ಕತ್ತಲಾಗುತ್ತವೆ.

ವಾಸ್ತು ನೋಡುವವರ ನಂಬಿಕೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಅಡುಗೆಮನೆಯನ್ನು ಅಗ್ನಿಮೂಲೆಗೆ ತರಲು ಹೊರಗೋಡೆಯೇ ಇಲ್ಲದ ಮೂಲೆಗೆ ನೂಕಿ, ಡಕ್ಟಿಗೊಂದು ಸಣ್ಣ ಕಿಟಕಿ ಇಟ್ಟಿರುವ ಮನೆಗಳು ಬೇಕಾದಷ್ಟಿವೆ. ಒಗ್ಗರಣೆಯ ಘಾಟು ಹಾಲ್‌ನಲ್ಲೇ ಸುತ್ತುತ್ತದೆ. ದಿಕ್ಕಿನ ಜೊತೆಗೆ ಹೊಗೆ ಯಾವ ಕಡೆಯಿಂದ ಹೊರಹೋಗುತ್ತದೆ ಎಂದೂ ಕೇಳಬೇಕು. ಎರಡು ಕಡೆ ಕಟ್ಟೆಯಿರುವ ಅಡುಗೆಮನೆಗೆ ಕನಿಷ್ಠ ಏಳೂವರೆ ಅಡಿ ಅಗಲ ಬೇಕು: ಎರಡಡಿಯ ಎರಡು ಕಟ್ಟೆ, ನಡುವೆ ಮೂರೂವರೆ ಅಡಿ. ಅದಕ್ಕಿಂತ ಕಡಿಮೆಯಾದರೆ ಫ್ರಿಜ್ ಬಾಗಿಲು ತೆರೆದಾಗ ಓಡಾಟ ನಿಲ್ಲುತ್ತದೆ. ಯುಟಿಲಿಟಿ ಮೂರಡಿಯಾದರೆ ವಾಷಿಂಗ್ ಮಷಿನ್ ಕೂರುತ್ತದೆ, ಎದುರು ನಿಂತು ಬಟ್ಟೆ ತೆಗೆಯಲು ಜಾಗವಿರದು. ನಾಲ್ಕಡಿ ಬೇಕು. ಗ್ರೈಂಡರ್ ಎಲ್ಲಿ ಕೂರುತ್ತದೆ, ಅಲ್ಲೊಂದು ಪ್ಲಗ್ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕೋಣೆಯ ಅಳತೆಗೆ ಹಳೇ ಪತ್ರಿಕೆಗಳನ್ನು ಕೊಂಡೊಯ್ಯಿರಿ. 5×6½ ಅಡಿ ಮಂಚದಷ್ಟು ಜಾಗಕ್ಕೆ ಹಾಳೆ ಹಾಸಿ, ಗೋಡೆಯಿಂದ ಎರಡಡಿಗೆ ವಾರ್ಡ್‌ರೋಬಿನ ಗೆರೆ ಎಳೆಯಿರಿ. 10 ಅಡಿ ಅಗಲದಲ್ಲಿ ಉಳಿಯುವುದು ಮೂರಡಿ. ಮಂಚವನ್ನು ಗೋಡೆಗೆ ಒತ್ತಿದರೆ ವಾರ್ಡ್‌ರೋಬ್ ಬಾಗಿಲು ತೆರೆಯುತ್ತದೆ. ಎರಡೂ ಬದಿಗೆ ಹಂಚಿದರೆ ಎಲ್ಲಿಯೂ ಸರಿಯಾಗಿ ನಿಲ್ಲಲಾಗದು. ಆರಡಿ ಮಂಚ ತರುವವರಿಗೆ ಆ ಕೋಣೆ ಸಾಲದು. ಪಿಲ್ಲರ್ ಮೂಲೆಯಿಂದ ಅರ್ಧ ಅಡಿ ಒಳಚಾಚಿದ್ದರೆ ವಾರ್ಡ್‌ರೋಬಿನ ಉದ್ದ ಅಷ್ಟು ಕಡಿಮೆ.

ಕಾರಿಗೆ ಸಂಹಿತೆ ಹೇಳುವುದು 2.5×5 ಮೀಟರ್ ಜಾಗ. ಮೆಟ್ಟಿಲಿನ ಮೊದಲ ಹೆಜ್ಜೆ ಅದರೊಳಗೆ ಬಂದಿದೆಯೇ, ಗೇಟು ಒಳಕ್ಕೆ ತೆರೆದಾಗ ಬಂಪರಿಗೆ ತಾಗುತ್ತದೆಯೇ ನೋಡಿ. ಸಂಪಿನ ಮುಚ್ಚಳ ಚಕ್ರದ ಕೆಳಗೆ ಬಂದರೆ ಬಿರುಕು ಬಿಟ್ಟು ಕೊಳೆ ನೀರು ಕುಡಿಯುವ ನೀರಿಗೆ ಸೇರುತ್ತದೆ.

ಸರಿಮಾಡಲಾಗದ ದೋಷವನ್ನು ಹಣದಲ್ಲಿ ಅಳೆಯಲೂ ಬರುತ್ತದೆ. ಮೂರೂವರೆ ಅಡಿ ಅಗಲ, 14 ಅಡಿ ಉದ್ದದ ಓಣಿ ಎಂದರೆ 49 ಚದರಡಿ. ಚದರಡಿಗೆ 7,000 ರೂಪಾಯಿಯಂತೆ 3.43 ಲಕ್ಷ ರೂಪಾಯಿ ಬರೀ ನಡೆದಾಡಲು. ಚೌಕಾಸಿಗೆ ಕೂರುವಾಗ ಈ ಲೆಕ್ಕ ಕೈಯಲ್ಲಿರಲಿ. ಮೆಟ್ಟಿಲು, ಬೆಳಕು, ಶೌಚಾಲಯದ ಜಾಗ ಈ ಮೂರರಲ್ಲಿ ಎರಡು ಕೆಟ್ಟಿದ್ದರೆ ಮಾತ್ರ ಎಷ್ಟು ರಿಯಾಯಿತಿ ಕೊಟ್ಟರೂ ಬೇಡ ಎನ್ನಿ.

ಕಾನೂನಿನ ರಕ್ಷಣೆ ಎಲ್ಲರಿಗೂ ಒಂದೇ ಸಮನಾಗಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ 2016ರಡಿ ನೋಂದಣಿಯಾದ ಯೋಜನೆಯಲ್ಲಿ ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆ, ಡಕ್ಟು, ಬಾಲ್ಕನಿ ಬಿಟ್ಟು ಒಳಗೋಡೆಗಳನ್ನು ಸೇರಿಸಿದ ಜಾಗ. ಮಂಜೂರಾದ ನಕ್ಷೆಯನ್ನು ನೋಡುವ ಹಕ್ಕು ಕೊಳ್ಳುವವರಿಗಿದೆ. ಒಪ್ಪಿಗೆಯಿಲ್ಲದೆ ಅವರ ಮನೆಯ ನಕ್ಷೆ ಬದಲಿಸುವಂತಿಲ್ಲ. ಮಾದರಿ ಮನೆಯನ್ನೋ ಜಾಹೀರಾತನ್ನೋ ನಂಬಿ ನಷ್ಟವಾದರೆ ಪರಿಹಾರ ಕೇಳಬಹುದು. ಆದರೆ 500 ಚದರ ಮೀಟರ್ ಮೀರದ ಜಾಗದಲ್ಲಿ ಕಟ್ಟಿದವಕ್ಕೆ, ಎಂಟು ಮನೆ ಮೀರದವಕ್ಕೆ ನೋಂದಣಿ ಕಡ್ಡಾಯವಲ್ಲ. 30×40 ಸೈಟಿನ ಮನೆ ಬಹುತೇಕ ಈ ಸಾಲಿನದು. ಅಂಥ ಕಡೆ ಕೋಣೆ ಕೋಣೆಯ ಒಳ ಅಳತೆ ಬರೆದ ನಕ್ಷೆಯನ್ನು ಕ್ರಯದ ಕರಾರಿಗೆ ಲಗತ್ತಿಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಬೇಕು. ಮಂಜೂರಾದ ನಕ್ಷೆಯೊಂದಿಗೂ ತಾಳೆ ನೋಡಬೇಕು. ಅದರಲ್ಲಿ ಬಾಲ್ಕನಿ ಎಂದಿರುವುದು ಸ್ಥಳದಲ್ಲಿ ಕೋಣೆಯಾಗಿದ್ದರೆ, ಬಿಡಬೇಕಾದ ಖಾಲಿ ಜಾಗದ ಮೇಲೆ ಗೋಡೆ ಬಂದಿದ್ದರೆ, ಆ ಉಲ್ಲಂಘನೆಯನ್ನೂ ನೀವೇ ಕೊಂಡ ಹಾಗೆ.

ಇದಕ್ಕೆ ಪತ್ರಿಕೆಯಿಂದಲೂ ಒಂದು ಸಹಾಯವಾಗಬೇಕು. ಮನೆ ಮಾರಾಟದ ಜಾಹೀರಾತುಗಳಲ್ಲಿ, ಆಸ್ತಿ ಪುರವಣಿಯ ಲೇಖನಗಳಲ್ಲಿ ಮನೆಯ ಮುಂಭಾಗದ ಚಿತ್ರದ ಜೊತೆಗೆ ಉತ್ತರ ದಿಕ್ಕಿನ ಬಾಣ, ಕೋಣೆಗಳ ಒಳ ಅಳತೆ, ಕಾರ್ಪೆಟ್ ಏರಿಯಾ ಇರುವ ನಕ್ಷೆಯನ್ನೂ ಪ್ರಕಟಿಸಬೇಕೆಂದು ತಾವು ನಿಯಮ ಮಾಡಬೇಕೆಂದು ಕೋರುತ್ತೇವೆ. ಅಂಗೈ ಅಗಲದ ಜಾಗ ಸಾಕು.

ಇಂತಿ,
ಮನೆ ನಕ್ಷೆ ಹಾಗೂ ಕಟ್ಟಡ ಮೇಲ್ವಿಚಾರಣೆಯ ವೃತ್ತಿಯಲ್ಲಿರುವ ಓದುಗರು,
ಬೆಂಗಳೂರು