ಕಾರು ಬಿಟ್ಟು ಕೋಲ್ಮಾರ್‌ನಲ್ಲಿ ಉಳಿಯಿರಿ

ರಜೆಗೆ ಪೂರ್ವ ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯ ನೋಡಲು ಹೊರಡುವ ನಮ್ಮವರ ಯೋಜನೆ ಹೆಚ್ಚಾಗಿ ಒಂದೇ: ಬಾಡಿಗೆ ಕಾರು, ಒಂದು ದಿನ, ಆರು ಊರು. ಮಾರ್ಲೆನೈಮ್‌ನಿಂದ ಥಾನ್‌ವರೆಗಿನ ವೈನ್ ರಸ್ತೆ ಸುಮಾರು 170 ಕಿ.ಮೀ. ಓಡಿಸಿ ಮುಗಿಸಬಹುದು, ಆದರೆ ಮೂರನೇ ಊರಿನ ಹೊತ್ತಿಗೆ ಮರದ ಚೌಕಟ್ಟಿನ ಮನೆಗಳೆಲ್ಲ ಒಂದೇ ಥರ ಕಾಣುತ್ತವೆ. ಕಾರು ಓಡಿಸುವವರಿಗಂತೂ ವೈನ್ ರುಚಿ ನೋಡುವ ಯೋಗವಿಲ್ಲ. ಫ್ರಾನ್ಸಿನಲ್ಲಿ ಚಾಲಕರಿಗೆ ಮದ್ಯದ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹೊಸ ಲೈಸೆನ್ಸಿನವರಿಗೆ 0.2.

ಕೋಲ್ಮಾರ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ರೈಲಿನಲ್ಲಿ ಸ್ಟ್ರಾಸ್‌ಬೂರ್‌ನಿಂದ ಅರ್ಧ ಗಂಟೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಮುಕ್ಕಾಲು ಗಂಟೆ. ಕಾಲುವೆ ಬದಿಯ ಫೋಟೋ ಹೇಗೂ ತೆಗೆಯುತ್ತೀರಿ. ಉಂಟರ್‌ಲಿಂಡನ್ ಮ್ಯೂಸಿಯಂ ಮಾತ್ರ ತಪ್ಪಿಸಬೇಡಿ (ಮಂಗಳವಾರ ರಜೆ). ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512–16ರಲ್ಲಿ ಬರೆದ ಈಸೆನ್‌ಹೈಮ್ ಚಿತ್ರಫಲಕಗಳು ಅಲ್ಲಿವೆ. ರೈ ಧಾನ್ಯಕ್ಕೆ ಹಿಡಿದ ಬೂಷ್ಟಿನಿಂದ ಕೈಕಾಲು ಕೊಳೆಯುವ ರೋಗಕ್ಕೆ ಆರೈಕೆ ಮಾಡುತ್ತಿದ್ದ ಮಠಕ್ಕೆಂದು ಬರೆದವು. ಸಂತ ಆಂಟನಿಯನ್ನು ಭೂತಗಳು ಕಾಡುವ ಫಲಕದ ಎಡ ಕೆಳಮೂಲೆಯಲ್ಲಿ ಹೊಟ್ಟೆ ಉಬ್ಬಿ ಮೈಯೆಲ್ಲ ಹುಣ್ಣಾದವನೊಬ್ಬನಿದ್ದಾನೆ. ಆ ರೋಗಿಗಳನ್ನು ನೆನೆದು ಅವನನ್ನು ನೋಡಿ.

ಎಗಿಸೈಮ್ ಹಳ್ಳಿ ಕೋಲ್ಮಾರ್‌ನಿಂದ ಏಳು ಕಿ.ಮೀ. ಒಳಗೆ, ಸೈಕಲ್ಲಿಗೆ ಹದವಾದ ದೂರ. ಓಣಿಗಳು ಉಂಗುರದೊಳಗೆ ಉಂಗುರದಂತೆ ಸುತ್ತುತ್ತವೆ, ದಾರಿ ತಪ್ಪಿದರೂ ಹೊರಟಲ್ಲಿಗೇ ಬರುತ್ತೀರಿ. 1291ರ ಡೋಲ್ಡರ್ ಗೋಪುರವಿರುವ ರಿಕ್ವೀರ್‌ಗೆ ರೈಲಿಲ್ಲ. ಬಸ್ಸಿನ ಭಾನುವಾರದ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ಡಿಸೆಂಬರ್ ಶನಿವಾರಗಳಲ್ಲಿ ಅಲ್ಲಿಗೆ ಹೋಗುವುದೂ ಒಂದೇ, ಹೋಗದಿರುವುದೂ ಒಂದೇ, ಅಷ್ಟು ಜನ.

ಇಲ್ಲಿನ ಬಾಟಲಿಯ ಮೇಲೆ ದ್ರಾಕ್ಷಿ ತಳಿಯ ಹೆಸರೇ ಇರುತ್ತದೆ, ಹೊಸಬರಿಗೆ ಅನುಕೂಲ. ಸಿಲ್ವಾನರ್, ರೀಸ್ಲಿಂಗ್ ಮೊದಲು. ಗುಲಾಬಿ, ಲಿಚಿ ಘಮದ ಗೆವುರ್ಟ್ಸ್‌ಟ್ರಾಮಿನರ್ ಕೊನೆಗೆ. ಅದನ್ನು ಮೊದಲೇ ಕುಡಿದರೆ ರೀಸ್ಲಿಂಗ್ ಬರೀ ಹುಳಿ ಅನ್ನಿಸುತ್ತದೆ. ಕೊಟ್ಟಿದ್ದನ್ನೆಲ್ಲ ನುಂಗಬೇಕಿಲ್ಲ, ಉಗುಳಲು ಪಾತ್ರೆ ಇಟ್ಟಿರುತ್ತಾರೆ.

ಸಸ್ಯಾಹಾರಿಗಳು ಎಡವುವುದು ಊಟದಲ್ಲಿ. ತೆಳು ಹಿಟ್ಟಿನ ಮೇಲೆ ಕೆನೆ, ಈರುಳ್ಳಿ ಹರಡಿ ಸುಡುವ ತಾರ್ತ್ ಫ್ಲಾಂಬೆಯಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ಅಣಬೆಯದ್ದು, ಚೀಸಿನದ್ದು ಎಂದರೂ ಸಾಮಾನ್ಯವಾಗಿ ಇದ್ದೇ ಇರುತ್ತವೆ. 'ಸಾನ್ ಲಾರ್ದೋಂ' (ಹಂದಿಮಾಂಸದ ಚೂರು ಬೇಡ) ಎಂದು ಹೇಳಿಯೇ ಆರ್ಡರ್ ಮಾಡಿ. ಕುಗೆಲ್‌ಹೋಫ್ ಎಂಬ ಅಚ್ಚಿನ ಬ್ರೆಡ್ಡಿನ ಖಾರದ ಬಗೆಯಲ್ಲೂ ಅದೇ ಕಥೆ, ಸಿಹಿಯದ್ದು ಕೇಳಿ. ಮಧ್ಯಾಹ್ನ ಎರಡಾದ ಮೇಲೆ ಬಹಳಷ್ಟು ಅಡುಗೆಮನೆಗಳು ಮುಚ್ಚುತ್ತವೆ.

ಸ್ವಿಟ್ಜರ್ಲೆಂಡಿಗೆ ಮರಳುವ ವಯಸ್ಕರಿಗೆ ತಲಾ 5 ಲೀಟರ್ ವೈನ್ ಸುಂಕವಿಲ್ಲದೆ ತರಲು ಅವಕಾಶವಿದೆ, ಅಂದರೆ ಆರು ಬಾಟಲಿ. ತಂದ ಸಾಮಾನಿನ ಬೆಲೆ ಒಟ್ಟು 150 ಫ್ರಾಂಕ್ ದಾಟಿದರೆ ವ್ಯಾಟ್ ಕಟ್ಟಬೇಕು. ರಸೀದಿಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.